ಚಿಕ್ಕಮ್ಮ ತೆಗೀದೇ ಬಿಟ್ಟ ಬಾಗ್ಲು

ನಮ್ಮ ಚಿಕ್ಕಮ್ಮನ್ನ ನಾವೆಲ್ಲಾ 'ಐಸ್‌ಗಡ್ಡೆ' ಅಂತ ರೇಗಿಸ್ತೀವಿ. ಕ್ಯಾನ್ಸರ್ ಸಂಶೋಧನೆ ಮಾಡೋ ಲ್ಯಾಬಲ್ಲಿ ಫ್ರೀಜರ್ ನೋಡ್ಕೊಳ್ಳೋದು ಅವ್ಳ ಕೆಲ್ಸ. ರೋಗಿಗಳ ಗೆಡ್ಡೆಯಿಂದ ತೆಗ್ದ ಚೂರುಗಳು ಅದ್ರಲ್ಲಿರ್ತವೆ, ಕರಗಿದ್ರೆ ಕತೆ ಮುಗೀತು.

ಮೊನ್ನೆ ಲ್ಯಾಬಲ್ಲಿ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಅಲಾರಂ ಹೊಡ್ಕೊಳ್ತಂತೆ. ಓಡಿಹೋಗಿ ನೋಡಿದ್ರೆ, ಕೆಟ್ಟಿರೋದು ನಮ್ಮಮ್ಮನ ಗೆಡ್ಡೆ ಚೂರು ಇಟ್ಟಿರೋ ಫ್ರೀಜರ್ರೇ! ಅಮ್ಮಂಗೆ ಯಾವ ಔಷಧಿ ನಾಟುತ್ತೆ ಅಂತ ಅದ್ರ ಮೇಲೇ ಪರೀಕ್ಷೆ ಮಾಡ್ಬೇಕಿತ್ತು.

ಅಲಾರಂ ಹೊಡ್ದಾಗ ಬಾಗ್ಲು ಮಾತ್ರ ತೆಗೀಬಾರ್ದು, ತೆಗೆದ್ರೆ ಒಳಗಿನ ತಂಪೆಲ್ಲಾ ಹೊರಗೆ. ಅದು ಗೊತ್ತಿದ್ರೂ ಚಿಕ್ಕಮ್ಮನ ಕೈ ಹಿಡಿ ಮೇಲೆ ಹೋಗ್ಬಿಡ್ತು.

"ನಮ್ಮಕ್ಕಂದೊಂದು ತೆಗ್ದು ಪಕ್ಕದ್ರಲ್ಲಿ ಇಟ್ಬಿಡ್ತೀನಿ ಕಣೋ" ಅಂದ್ಳಂತೆ.

"ಮೇಡಂ, ಅದ್ರಲ್ಲಿ ಎಲ್ರ ಅಕ್ಕಂದಿರೂ ಅವ್ರೆ" ಅಂದ ಜೊತೆ ಕೆಲ್ಸದವ್ನು.

ಚಿಕ್ಕಮ್ಮ ಕೈ ತೆಗೆದ್ಳು. ರಿಪೇರಿಯವ್ನು ಬರೋವರ್ಗೂ ಬಾಗ್ಲಿಗೆ ಬೆನ್ನು ಒತ್ಕೊಂಡು ನೆಲದ ಮೇಲೇ ಕೂತಿದ್ಳು. ತಲೆ ಎತ್ತಿ ಬಾಗ್ಲ ಮೇಲಿನ ಮೀಟರಲ್ಲಿ ಎಷ್ಟು ಬಿಸಿ ಏರ್ತಿದೆ ಅಂತ ನೋಡೋಕೂ ಧೈರ್ಯ ಬರ್ಲಿಲ್ವಂತೆ.

ಹೇಗೋ ಫ್ರೀಜರ್ ಸಮಯಕ್ಕೆ ಸರಿಹೋಯ್ತು, ಯಾವ ಚೂರೂ ಕರಗ್ಲಿಲ್ಲ. ಸಂಜೆ ಮನೆಗೆ ಬಂದಾಗ ಅಮ್ಮ ಅವ್ಳ ಕೈ ಹಿಡ್ಕೊಂಡು, "ಯಾಕೇ, ಕೈ ಇಷ್ಟು ತಣ್ಣಗಿದೆ?" ಅಂದ್ಳು.

"ಐಸ್‌ಗಡ್ಡೆ ಅಲ್ವೇನಕ್ಕಾ ನಾನು" ಅಂದ್ಳು ಚಿಕ್ಕಮ್ಮ, ಅಮ್ಮನ ಕೈ ಬಿಡ್ದೇ.