ಉಂಗುರ ಬೆರಳಿನ ಎರಡು ಗೆರೆ

ನಮ್ಮ ಬಾಯಾರ ಎರಡೂ ಹೆಬ್ಬೆರಳು ಸದಾ ಕಪ್ಪಗಿರುತ್ತಿದ್ದವು. ಪ್ರಿಂಟರಿನ ರಿಬ್ಬನ್ನಿನ ಮಸಿ. ಆ ಹೆಬ್ಬೆರಳುಗಳು ಉಳಿದ ಬೆರಳುಗಳ ಗೆರೆಗಳ ಮೇಲೆ ಯಾವಾಗಲೂ ಹತ್ತುತ್ತ ಇಳಿಯುತ್ತ ಇದ್ದುದರಿಂದ, ಒಂದೊಂದು ಗೆರೆಯಲ್ಲೂ ಕಾಡಿಗೆ ಎಳೆದಂತೆ ಮಸಿ ಕೂತಿರುತ್ತಿತ್ತು. ಧಾರವಾಡದಿಂದ ಹೊರಟು, ಹುಬ್ಬಳ್ಳಿಯಲ್ಲಿ ಗದಗ ಪ್ಯಾಸೆಂಜರ್ ಹಿಡಿದು ಅಣ್ಣಿಗೇರಿಗೆ ಬರುವಾಗಲೂ ಅಷ್ಟೇ. ಕಿಟಕಿ ಬಾಜು ಕೂತು, ಕಣ್ಣು ಅರೆ ಮುಚ್ಚಿ, ಎರಡೂ ಕೈಯಲ್ಲಿ ಎಣಿಸುತ್ತ ಬರುವರು. ಕಂಡವರು ಜಪವೆಂದೇ ತಿಳಿದು ಸರಿದು ಕೂಡುತ್ತಿದ್ದರು. ಒಮ್ಮೆ ಬಾಯಾರೇ ಎದುರಿಗೆ ಕೂತ ಮುದುಕಿಗೆ, "ಜಪಾ ಅಲ್ಲವಾ, ಲೆಕ್ಕ" ಎಂದರಂತೆ. "ಎಲ್ಲಾರ ಜಪಾನೂ ಲೆಕ್ಕಾನ ಬಿಡ ಎವ್ವಾ, ನೀ ನಡಸು" ಎಂದಳಂತೆ ಆಕೆ. ಇದನ್ನು ಹೇಳಿ ಬಾಯಾರು ಬಹಳ ನಗುತ್ತಿದ್ದರು.

ಬಾಯಾರು ಎಂದರೆ ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಗಳು. ಇವರು ಯಾವ ಶಾಲೆಯಲ್ಲೂ ಕಲಿಸುತ್ತಿರಲಿಲ್ಲ. ಹಾಗೆ ಕರೆಯಲು ಸುರು ಮಾಡಿದವಳು ನಾನು. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಹತ್ತಿ ಬೆಳೆಗಾರರ ಸಂಘವೊಂದು ಅಣ್ಣಿಗೇರಿಗೆ ಕಂಪ್ಯೂಟರ್ ತಂದಿತ್ತು. ಅದಕ್ಕೆ ಪ್ರೋಗ್ರಾಂ ಬರೆದುಕೊಟ್ಟವರು ಅವರು. ಪುಣೆಯಲ್ಲಿ ಈ ವಿದ್ಯೆ ಕಲಿತು ಧಾರವಾಡದ ತಮ್ಮ ಮನೆಗೆ ಮರಳಿದ್ದರು. ಸಂಘದಲ್ಲಿ ಅವರಿಗೆ ಕಾಯಂ ನೌಕರಿ ಇರಲಿಲ್ಲ. ಹತ್ತಿ ಸುಗ್ಗಿ ಬಂದರೆ ಕರೆಸುವರು, ಸುಗ್ಗಿ ಮುಗಿದರೆ ಅದೂ ಮುಗಿಯಿತು.

ನಾನು ಆ ಕಂಪ್ಯೂಟರಿಗೆ ರೈತರ ಹೆಸರು, ಹತ್ತಿಯ ತೂಕ ಟೈಪ್ ಮಾಡುವ ಕೆಲಸಕ್ಕೆ ಸೇರಿದ್ದೆ. ನವಲಗುಂದ ತಾಲೂಕಿನ ಹಳ್ಳಿ ನನ್ನದು. ಅಪ್ಪ ಕುರಿ ಕಾಯುವವನು. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಬಿ.ಎಸ್ಸಿ., ಗಣಿತ. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಹಾಸ್ಟೆಲಿನ ನೀರು ಸಾರು ಉಂಡು, ಗೆಳತಿಯರ ಪುಸ್ತಕ ಇಸಿದುಕೊಂಡು ಅವರು ಮಲಗಿದ ಮೇಲೆ ಓದಿ ಗಳಿಸಿದ್ದು. ನೌಕರಿ ಸುದ್ದಿ ಕೇಳಿ ಅಪ್ಪ, "ನೆರಳಾಗ ಕುಂತು ಮಾಡೂ ಕೆಲಸ ಹೌದಿಲ್ಲೋ? ಅಷ್ಟಾದ್ರ ಸಾಕು" ಎಂದಿದ್ದ. ಆದರೆ ಆ ನೆರಳು ಇನ್ನೂ ನನ್ನದಾಗಿರಲಿಲ್ಲ. ಒಂದು ಸುಗ್ಗಿ ನೋಡುತ್ತೇವೆ, ಸರಿ ಮಾಡಿದರೆ ಕಾಯಂ, ಇಲ್ಲದಿದ್ದರೆ ಮನೆಗೆ ಎಂದು ಮ್ಯಾನೇಜರ್ ಸಾಹೇಬರು ಮೊದಲೇ ಹೇಳಿದ್ದರು.

ಬೆಳಗ್ಗೆ ಬಂದ ಬಂಡಿಗಳ ತೂಕ ಟೈಪ್ ಮಾಡುವುದು, ಮಧ್ಯಾಹ್ನ ಎಲ್ಲ ರೈತರ ತೂಕದ ಚೀಟಿ ಒಮ್ಮೆಲೇ ಪ್ರಿಂಟ್ ಮಾಡುವುದು. ಇಷ್ಟೇ ಕೆಲಸ. ಮೊದಲ ಸಲ ಪ್ರೋಗ್ರಾಂ ನಡುವೆಯೇ ಸತ್ತು, ಪರದೆಯ ಮೇಲೆ 'ಬಸ್ ಎರರ್, ಕೋರ್ ಡಂಪ್ಡ್' ಎಂದು ಮೂಡಿದಾಗ ಆಫೀಸಿನ ಸಿಪಾಯಿ ಇಣುಕಿ ನೋಡಿ, "ನಿಮ್ಮ ನವಲಗುಂದ ಬಸ್ಸು ಇಲ್ಲೂ ಕೆಟ್ಟ ನಿಂತೈತೇನ್ರಿ ಅಕ್ಕಾರ?" ಎಂದು ನಕ್ಕ. ನನಗೆ ನಗು ಬರಲಿಲ್ಲ. ಗಾಬರಿಯಲ್ಲಿ ಪ್ರೋಗ್ರಾಂ ಇನ್ನೊಮ್ಮೆ ನಡೆಸಲು ಕೈ ಹಾಕಿದೆ. ಹಿಂದಿನಿಂದ ಬಾಯಾರು ಗದರಿದರು.

"ಏ, ಮುಟ್ಟಬ್ಯಾಡ! ಪಂಚನಾಮಿ ಆಗೂಕಿಂತ ಮೊದಲ ಹೆಣಾ ಎತ್ತತಾರೇನ?"

ಅದು ಅವರ ಮೊದಲ ಪಾಠ. ಪ್ರೋಗ್ರಾಂ ಸಾಯುವ ಕ್ಷಣದಲ್ಲಿ ಅದರ ನೆನಪಿನಲ್ಲಿ ಏನೇನಿತ್ತೋ ಅದನ್ನೆಲ್ಲ ಯಂತ್ರ ಒಂದು ಕಡತವಾಗಿ ಬಿಟ್ಟುಹೋಗುತ್ತದೆ. ಮತ್ತೆ ನಡೆಸಿದರೆ ಹೊಸ ಸಾವು ಹಳೆಯದನ್ನು ಅಳಿಸಿಬಿಡುತ್ತದೆ. ಡಿಬಗರ್ ಎಂಬ ಇನ್ನೊಂದು ಪ್ರೋಗ್ರಾಂ ಆ ಕಡತ ಬಿಚ್ಚಿ ತೋರಿಸುತ್ತದೆ. ಆದರೆ ತೋರಿಸುವುದು ಬರೀ ಅಂಕಿ, ಅದೂ ಹದಿನಾರರ ಲೆಕ್ಕದ ಅಂಕಿ. ಒಂಬತ್ತಾದ ಮೇಲೆ ಎ, ಬಿ ಎಂದು ಎಫ್ ತನಕ ಹೋಗುತ್ತದೆ. ಅಗಲ ಕಾಗದದ ಮೇಲೆ ಪ್ರಿಂಟ್ ತೆಗೆದು ಹಾಸಿದರೆ ರಾಗಿ ಚೆಲ್ಲಿದ ಹಾಗೆ. ಗಣಿತ ಓದಿದವಳು ಎಂಬ ನನ್ನ ಜಂಬ ಅಲ್ಲೇ ಇಳಿಯಿತು.

"ಕೈ ಚಾಚು" ಎಂದರು ಬಾಯಾರು. "ಒಂದೊಂದು ಬೆರಳಿಗೆ ಮೂರು ಗೆರಿ, ಒಂದು ತುದಿ. ನಾಲ್ಕ ನಾಲ್ಕಲೆ?"

"ಹದಿನಾರ್ರಿ."

"ನೋಡು, ಹುಟ್ಟಿದಾಗಿಂದ ನಿನ್ನ ಕೈ ಕಂಪ್ಯೂಟರ್ ಲೆಕ್ಕಕ್ಕ ತಯಾರ ಅದ. ನೀ ಕೆಲಸಕ್ಕ ಹಚ್ಚಿಲ್ಲ ಅಷ್ಟ."

ಕಿರುಬೆರಳಿನ ಬುಡದ ಗೆರೆ ಸೊನ್ನೆ. ಅಲ್ಲಿಂದ ಹತ್ತುತ್ತ ಹೋಗಬೇಕು. ಒಂದು ಅಕ್ಷರಕ್ಕೆ ಎರಡು ಅಂಕಿ: ಎಡಗೈ ಮೊದಲ ಅಂಕಿಗೆ, ಬಲಗೈ ಎರಡನೆಯದಕ್ಕೆ. ಹಾಗೆ ಹಿಡಿದರೆ, ನಾವು ಹೆಸರು ಟೈಪ್ ಮಾಡುವ ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಎಡಗೈ ಉಂಗುರ ಬೆರಳಿನ ಕೆಳಗಿನ ಎರಡು ಗೆರೆಗಳಲ್ಲೇ ವಾಸ. ಬುಡದ ಗೆರೆ ನಾಲ್ಕು, ಅಲ್ಲಿ ಎ ಇಂದ ಓ ತನಕ. ಅದರ ಮೇಲಿನದು ಐದು, ಅಲ್ಲಿ ಪಿ ಇಂದ ಝಡ್ ತನಕ. "ಇವೆರಡು ಓಣಿ ನೆನಪಿಟ್ಟರ ಸಾಕು, ಯಾರ ಮನಿನೂ ತಪ್ಪಂಗಿಲ್ಲ" ಎನ್ನುತ್ತಿದ್ದರು.

ನಾನು ವಾರಗಟ್ಟಲೆ ಹಾಗೆ ಎಣಿಸಿ ಕಲಿತ ಮೇಲೆ ಒಂದು ದಿನ ತಣ್ಣಗೆ ಹೇಳಿದರು, ಅಕ್ಷರವನ್ನು ಡಿಬಗರ್ರೇ ತೋರಿಸುವ ಆಜ್ಞೆಯೂ ಒಂದುಂಟು ಎಂದು. ನನಗೆ ಸಿಟ್ಟು ಬಂತು. "ಮೊದಲ ಹೇಳಬಾರದಿತ್ತೇನ್ರಿ ಬಾಯಾರ?"

"ಮೊದಲ ಹೇಳಿದ್ರ ನೀ ಓದ್ತಿದ್ದೇನಬೇ? ಅದು ಓದತಿತ್ತು, ನೀ ಕೇಳತಿದ್ದಿ." ಹೀಗೆಂದು ಡಬ್ಬಿ ಬಿಚ್ಚಿ ಹಚ್ಚಿದ ಅವಲಕ್ಕಿಯನ್ನು ನನ್ನ ಕಡೆ ಸರಿಸಿದರು. ಒಂದೇ ಡಬ್ಬಿಯಲ್ಲಿ ಇಬ್ಬರೂ ತಿನ್ನುತ್ತಿದ್ದೆವು. ಆ ಕಾಲಕ್ಕೆ, ಅವರ ಮನೆತನಕ್ಕೆ, ಅದು ಸಣ್ಣ ಮಾತಾಗಿರಲಿಲ್ಲ. ಅವರು ಮಾತ್ರ ಅದನ್ನು ಒಂದು ಮಾತನ್ನಾಗಿಯೇ ಮಾಡಲಿಲ್ಲ.

ಅವರು ಪದೇ ಪದೇ ಹೇಳುತ್ತಿದ್ದ ಇನ್ನೊಂದು ಮಾತು: "ಬಿದ್ದ ಜಾಗಾ ಬ್ಯಾರೆ, ಎಡವಿದ ಜಾಗಾ ಬ್ಯಾರೆ. ಬಿದ್ದಲ್ಲೆ ಕೂತು ಕಲ್ಲು ಹುಡುಕಬ್ಯಾಡ."

ಈ ಮಾತು ನನಗೆ ತಿಳಿದದ್ದು ಸುಗ್ಗಿಯ ಜೋರಿನಲ್ಲಿ. ಆ ವಾರ ಬಾಯಾರು ಧಾರವಾಡದಲ್ಲೇ ಇದ್ದರು. ಚೀಟಿ ಪ್ರಿಂಟ್ ಆಗುತ್ತ ಆಗುತ್ತ ಪ್ರೋಗ್ರಾಂ ಸತ್ತಿತು. ಕೊನೆಗೆ ಯಾರ ಚೀಟಿ ಬಂದಿತ್ತೋ ಅವನ ಲೆಕ್ಕ ಅಳಿಸಿ, ಹೊಸದಾಗಿ ಟೈಪ್ ಮಾಡಿ ನಡೆಸಿದೆ. ಮತ್ತೆ ಸತ್ತಿತು. ಮರುದಿನವೂ ಅದೇ ಕತೆ. ಹೊರಗೆ ಬೇವಿನ ಗಿಡದ ಕೆಳಗೆ ರೈತರು ಚೀಟಿಗಾಗಿ ಕಾಯುತ್ತಿದ್ದರು. ಒಬ್ಬ ಕೂಗಿದ: "ಹುಡುಗಿ ಕೈಯಾಗ ಮಷೀನ ಕೊಟ್ಟ ನಮ್ಮನ್ನ ಗಿಡದ ಬುಡಕ ಕಟ್ಟ್ಯಾರಲೇ!" ಮ್ಯಾನೇಜರ್ ಸಾಹೇಬರು ಒಳಗೆ ಬಂದು, ನನ್ನ ಮುಖ ನೋಡದೆ ಯಂತ್ರವನ್ನೇ ನೋಡುತ್ತ ಹೇಳಿದರು.

"ಇದು ಟೈಪ್ ಮಾಡೋರ ಕೈ ತಪ್ಪು. ಬಾಯಾರು ನಾಳೆ ಬರ್ತಾರ. ಅವರೂ ಹಂಗ ಅಂದ್ರ, ನೀ ನಾಡದ್ದಿನಿಂದ ಬರಬ್ಯಾಡವಾ."

ಮರುದಿನ ಬಾಯಾರು ಗಾಡಿ ಇಳಿದು ನೇರ ಬಂದರು. ಸಾಹೇಬರ ಮಾತೆಲ್ಲ ನಿಂತೇ ಕೇಳಿದರು. "ಒಂದು ತಾಸು ಕೊಡ್ರಿ" ಎಂದು, ಸತ್ತ ಪ್ರೋಗ್ರಾಮಿನ ಅಂಕಿಗಳನ್ನು ಪ್ರಿಂಟ್ ತೆಗೆದು, ನಿಂತಲ್ಲೇ ಒಮ್ಮೆ ಕಣ್ಣಾಡಿಸಿ, ಕಾಗದವನ್ನು ನನ್ನ ಮುಂದೆ ಹಾಸಿದರು.

"ನೀ ಓದು."

"ನೀವ ನೋಡ್ರಿ ಬಾಯಾರ, ನನ್ನ ಕೈ ನಡಗಾಕತ್ತಾವ."

"ನಡಗಲಿ. ಬೆರಳ ಇದ್ದಲ್ಲೆ ಇರ್ತಾವ."

ಪ್ರೋಗ್ರಾಮಿನ ಒಂದು ಭಾಗ ತನ್ನ ಕೆಲಸ ಮುಗಿಸಿದ ಮೇಲೆ ಎಲ್ಲಿಗೆ ಮರಳಬೇಕೆಂಬ ವಿಳಾಸ ಒಂದು ಕಡೆ ಬರೆದಿರುತ್ತದೆ. ಆ ಜಾಗ ಹುಡುಕಿ ನೋಡಿದೆ. ಅಲ್ಲಿದ್ದದ್ದು ನಾಲ್ಕು ಒಂದು, ಐದು ಸೊನ್ನೆ, ಐದು ಸೊನ್ನೆ, ನಾಲ್ಕು ಒಂದು. ಇಂಥ ವಿಳಾಸವೇ ಇಲ್ಲ. ಆದರೆ ಎಲ್ಲವೂ ಆ ಎರಡು ಓಣಿಯವೇ ಅಂಕಿಗಳು. ಹೆಬ್ಬೆರಳು ತಾನಾಗಿ ಉಂಗುರ ಬೆರಳಿನ ಗೆರೆಗಳಿಗೆ ಹೋಯಿತು. ಎ. ಪಿ. ಪಿ. ಎ. 'ಅಪ್ಪ'. ನಮ್ಮ ಭಾಗದಲ್ಲಿ ಮೂವರಲ್ಲಿ ಇಬ್ಬರ ಹೆಸರಿನ ಬಾಲ. ಆ ಬಾಲ ಹಿಡಿದು ಹಿಂದಕ್ಕೆ ಹಿಂದಕ್ಕೆ ಓದಿದೆ. ಫಕ್ಕೀರಪ್ಪ ದತ್ತಕ ತಂದೆ ವೀರಭದ್ರಪ್ಪ ಸಖ್ಖಾ ತಂದೆ ಚನ್ನಬಸಪ್ಪ.

ಆ ಮನುಷ್ಯ ನನಗೆ ನೆನಪಿದ್ದ. ದತ್ತಕ ಹೋದವನು. ಹೆಸರು ಹೇಳುವಾಗ, ಒಬ್ಬ ತಂದೆಯ ಹೆಸರು ಸಾಕು ಎಂದಿದ್ದೆ. "ಒಬ್ಬಾಂವ ಹಡದಾನ, ಒಬ್ಬಾಂವ ಹೊಲಾ ಕೊಟ್ಟಾನ. ಯಾರನ್ನ ಬಿಡ್ಲೆವಾ?" ಎಂದಿದ್ದ. ಸರಿಯೇ ಅನಿಸಿ, ಪೂರ್ತಿ ಟೈಪ್ ಮಾಡಿದ್ದೆ. ಸಾಯುವ ಮುಂಚೆ ಬಂದ ಕೊನೆಯ ಚೀಟಿ ಅವನಿಗಿಂತ ಹಿಂದಿನವನದು. ನಾನು ಎರಡು ದಿನ ಬಿದ್ದ ಜಾಗದಲ್ಲೇ ಕೂತು ಕಲ್ಲು ಹುಡುಕಿದ್ದೆ.

"ಹೆಸರು ಉದ್ದ ಟೈಪ್ ಮಾಡೇನ್ರಿ" ಎಂದೆ. "ತಪ್ಪು ನಂದ ಐತ್ರಿ."

ಬಾಯಾರು ಕಿಟಕಿಯ ಕಡೆ ನೋಡುತ್ತಿದ್ದರು. "ಅರ್ಧಾ ಪಂಚನಾಮಿ ಆತು. ಉದ್ದ ಹೆಸರು ಒಳಗ ಬಂದು ವಿಳಾಸದ ಮ್ಯಾಲೆ ಯಾಕ ಕೂತ್ತು?"

ಪ್ರೋಗ್ರಾಮಿನ ಪ್ರತಿ ತೆಗೆದು ನೋಡಿದೆ. ಚೀಟಿ ಪ್ರಿಂಟ್ ಮಾಡುವ ಭಾಗದಲ್ಲಿ ಹೆಸರಿಗೆ ಇಟ್ಟದ್ದು ಮೂವತ್ತು ಅಕ್ಷರದ ಜಾಗ. ತುಂಬಿದ ಮೇಲೆ ತಡೆಯುವ ಸಾಲು ಎಲ್ಲೂ ಇರಲಿಲ್ಲ. ಹೆಸರು ತುಳುಕಿ, ಬಾಜೂಕಿನ ವಿಳಾಸವನ್ನು ಅಳಿಸಿತ್ತು. ಆ ಮೂವತ್ತನ್ನು ಬರೆದವರು ಯಾರೆಂದು ನನಗೆ ಗೊತ್ತಿತ್ತು. ಆ ಹಾಳೆ ಮಗುಚಿಟ್ಟೆ.

"ಯಾಕ ಮಗಚಿದಿ?"

"ಜಾಗಾ ಸಣ್ಣದೈತ್ರಿ."

"ಯಾರು ಇಟ್ಟಾರ?"

"...ನೀವ್ರಿ."

"ಹಾಂ. ಇದು ಎಡವಿದ ಜಾಗಾ." ಎದ್ದು ಬಾಗಿಲಿಗೆ ಹೋಗಿ ಸಾಹೇಬರನ್ನು ಕರೆದರು. "ಈಕಿ ಹೇಳ್ತಾಳ, ಕೇಳ್ರಿ" ಎಂದರು. ನಾನು ಬೇಡವೆಂದು ಕಣ್ಣಲ್ಲೇ ಬೇಡಿಕೊಂಡೆ. ಅವರು ಮೆಲ್ಲಗೆ, "ಮುಖಾ ನೋಡಿ ಪಂಚನಾಮಿ ಬರೀಬಾರದು, ತಂಗಿ" ಎಂದರು. ಹೇಳಿದೆ. ಒಂದೂ ಬಿಡದೆ ಹೇಳಿದೆ.

ಸಾಹೇಬರು ಎಲ್ಲ ಕೇಳಿ, "ಅಷ್ಟಽ ಅಲ್ಲೇನ್ರಿ? ಹೆಸರು ಕತ್ತರಿಸಿ ಮೂವತ್ತಕ್ಕ ಕೂಡಸ್ರಿ. ಮುಂದ ಈಕಿಗೂ ಹಂಗ ಟೈಪ್ ಮಾಡಂತ ಹೇಳ್ರಿ" ಎಂದರು.

"ಯಾವ ಅಪ್ಪನ್ನ ಕತ್ತರಸೂಣ್ರಿ ಸಾಹೇಬ್ರ?" ಎಂದರು ಬಾಯಾರು. "ಈ ಕಡೆ ಹೆಸರು ಹಿಂಗ ಇರ್ತಾವಂತ ನಾ ಕೇಳಬೇಕಿತ್ತು, ಕೇಳಲಿಲ್ಲ. ಮನಿ ಸಣ್ಣ ಕಟ್ಟಿ ಬೀಗರು ಬಹಳ ಬಂದ್ರು ಅಂದ್ರ ಹೆಂಗ? ತಪ್ಪು ನನ್ನದು. ಕಮಿಟಿಯವರ ಮುಂದನೂ ಹಿಂಗಽ ಹೇಳ್ರಿ. ಹುಡುಕಿದಾಕಿ ಈಕಿ, ಅದನ್ನೂ ಹೇಳ್ರಿ."

ಅಂದೇ ಜಾಗ ದೊಡ್ಡದಾಯಿತು, ತಡೆಯುವ ಸಾಲೂ ಬಂತು. ಚೀಟಿಗಳೆಲ್ಲ ಹೊರಬಂದವು. ಫಕ್ಕೀರಪ್ಪ ತನ್ನ ಚೀಟಿಯನ್ನು ಸಿಪಾಯಿಯಿಂದ ಓದಿಸಿ, ಇಬ್ಬರು ತಂದೆಯರೂ ಇದ್ದಾರೆಂದು ಖಾತ್ರಿ ಮಾಡಿಕೊಂಡು, ರುಮಾಲಿನ ಮಡಿಕೆಯಲ್ಲಿ ಸಿಗಿಸಿ ಹೋದ.

ಬಾಯಾರು ಹೇಳಿದ್ದನ್ನೆಲ್ಲ ಸಾಹೇಬರು ಸಂಘದ ಕಮಿಟಿಯ ಮುಂದೆ ಹೇಳಿದರು. ಅದರ ಫಲ ಎರಡು. ನಾನು ಕಾಯಂ ಆದೆ. ಮುಂದಿನ ಸುಗ್ಗಿಗೆ ಬಾಯಾರನ್ನು ಕರೆಯಲಿಲ್ಲ. ತಪ್ಪು ತಾವೇ ಒಪ್ಪಿಕೊಂಡಾರ, ಇಲ್ಲೇ ಓದಾಕ ಬರೂ ಹುಡುಗಿ ಇದ್ದಾಳ, ಅವರ‍್ಯಾಕ ಎಂದರಂತೆ ಕಮಿಟಿಯವರು. ನಾನು ಧಾರವಾಡಕ್ಕೆ ಹೋಗಿ ಅವರ ಪಡಸಾಲೆಯಲ್ಲಿ ಕೂತು ಅತ್ತೆ. ಇಂಥ ನೌಕರಿ ಒಲ್ಲೆ ಎಂದೆ.

"ಹುಚ್ಚಿ" ಎಂದರು. "ಹಿಂಗಾಗತದಂತ ನನಗ ಅವತ್ತಽ ಗೊತ್ತಿತ್ತು. ಕಾಗದಾ ನಿನ್ನ ಕೈಯಾಗ ಕೊಡೂಕಿಂತ ಮೊದಲ ನಾ ಓದಿದ್ದೆ." ಆಮೇಲೆ ಒಳಗೆ ಹೋಗಿ ಅವಲಕ್ಕಿ ಹಚ್ಚಿದರು.

ಆ ನೌಕರಿ ನಮ್ಮ ಮನೆಯನ್ನು ಎತ್ತಿ ನಿಲ್ಲಿಸಿತು. ತಮ್ಮ, ತಂಗಿ ಇಬ್ಬರೂ ಅದರ ನೆರಳಲ್ಲೇ ಓದಿದರು. ನಾನು ಬುದ್ಧಿವಂತಳೆಂದು ಸಿಕ್ಕಿತು ಅನ್ನುತ್ತಾರೆ ಊರವರು. ಬುದ್ಧಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಒಬ್ಬರು ತಮ್ಮ ತಪ್ಪನ್ನು ತಾವೇ ನನ್ನ ಕೈಗಿತ್ತು, ಓದು ಎಂದರು. ಆ ಕಾಗದವನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡಿದ್ದರೆ ಕೇಳುವವರು ಯಾರೂ ಇರಲಿಲ್ಲ.

ಬಾಯಾರು ತೀರಿಹೋದ ಸುದ್ದಿ ತಿಳಿದು ಧಾರವಾಡಕ್ಕೆ ಹೋದಾಗ, ಅವರ ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಗೆರೆಗಳಲ್ಲಿ ಮಸಿ ಇರಲಿಲ್ಲ. ಅವು ಬೇರೆ ಯಾರದೋ ಕೈಗಳಂತೆ ಕಂಡವು. ನನಗೆ ಅಳು ಬರಲಿಲ್ಲ.

ಮರಳಿ ಬರುವಾಗ ಗದಗ ಪ್ಯಾಸೆಂಜರಿನಲ್ಲಿ ಕಿಟಕಿ ಬಾಜು ಜಾಗ ಸಿಕ್ಕಿತು. ಹೊರಗೆ ಕರಿನೆಲ ಓಡುತ್ತಿತ್ತು. ಯಾವಾಗಲೋ ಹೆಬ್ಬೆರಳುಗಳು ತಾವೇ ಹೊರಟಿದ್ದವು. ಎಡಗೈಯದು ಉಂಗುರ ಬೆರಳಿನ ಎರಡು ಗೆರೆಗಳ ನಡುವೆ ಹತ್ತುತ್ತ ಇಳಿಯುತ್ತ, ಬಲಗೈಯದು ಬೆರಳಿನಿಂದ ಬೆರಳಿಗೆ ದಾಟುತ್ತ, ಅವರ ಹೆಸರನ್ನು ಒಂದೊಂದೇ ಅಕ್ಷರವಾಗಿ ಎಣಿಸುತ್ತಿದ್ದವು. ತಂದೆಯ ಹೆಸರು, ಅಡ್ಡಹೆಸರು, ಎಲ್ಲ ಸೇರಿಸಿ, ಪೂರ್ತಿ ಹೆಸರು.

ಎದುರಿಗಿದ್ದ ಹೆಣ್ಣುಮಗಳು ಗದ್ದಲ ಮಾಡುತ್ತಿದ್ದ ತನ್ನ ಮಗನನ್ನು ಎಳೆದು ಬಾಜು ಕೂಡಿಸಿಕೊಂಡಳು. "ಸುಮ್ಮ ಕುಂದ್ರಲೇ, ಅಕ್ಕಾರು ಜಪಾ ಮಾಡಾಕತ್ತಾರ."

ಅಲ್ಲವೆಂದು ನಾನು ಹೇಳಲಿಲ್ಲ.