ಮೊಲದ ಬೇಟೆಗೆ ಹೋದ ಶುಕ್ರವಾರ

2011ರ ಚಳಿಗಾಲದಲ್ಲಿ ನಾನೂ ನನ್ನ ಹೆಂಡತಿಯೂ ಹೂಫ್‌ಡಾರ್ಪ್ ಎಂಬ ಡಚ್ ಊರಿನ ಹೊರಗೆ, ಹೊಲಗಳ ನಡುವಿನ ಒಂದು ಹಳೆಯ ಮನೆಯ ಪಕ್ಕದ ಭಾಗದಲ್ಲಿ ಬಾಡಿಗೆಗಿದ್ದೆವು. ನನ್ನ ಆಫೀಸು ವಿಮಾನ ನಿಲ್ದಾಣದ ಹತ್ತಿರ. ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಮನೆಯ ಯಜಮಾನರಿಗೆ ಎಪ್ಪತ್ತೈದು ದಾಟಿತ್ತು. ಜಮೀನನ್ನು ಮಗಳು ಅಳಿಯ ನೋಡಿಕೊಳ್ಳುತ್ತಿದ್ದರು, ಅಂಗಳದಾಚೆಗೇ ಅವರ ಮನೆ. ಯಜಮಾನರು ಯಾರಿಗೂ ಬಿಟ್ಟುಕೊಡದೆ ಉಳಿಸಿಕೊಂಡಿದ್ದ ಕೆಲಸ ಒಂದೇ, ಮೊಲ ಹೊಡೆಯುವುದು.

ಕಾಲುವೆ ದಂಡೆಯ ತುಂಬ ಮೊಲದ ಬಿಲಗಳಿದ್ದವು. ಕೋಸಿನ ಸಾಲುಗಳನ್ನು ಅವು ಅಂಚಿನಿಂದ ಮೇಯುತ್ತ ಬರುತ್ತಿದ್ದವು. ಬೆಳೆ ಉಳಿಸುವುದು ಹೇಳಿಕೊಳ್ಳಲು ಒಂದು ಕಾರಣ, ಅಷ್ಟೆ. ನಿಜದಲ್ಲಿ ಅದು ಅವರ ಆಟ. ಲೈಸೆನ್ಸ್ ಇತ್ತು, ಜೋಡುನಳಿಗೆಯ ಕೋವಿ ಇತ್ತು. ಮುಂಗುಸಿಯ ಹಾಗಿನ ಬಿಳಿ ಫೆರೆಟ್ ಒಂದನ್ನೂ ಸಾಕಿದ್ದರು. ಅದನ್ನು ಬಿಲದೊಳಗೆ ಬಿಟ್ಟರೆ ಮೊಲ ಇನ್ನೊಂದು ಬಾಯಿಂದ ಚಿಮ್ಮಿ ಓಡುತ್ತಿತ್ತು. ಫೆರೆಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಅವರ ಬೆನ್ನ ಹಿಂದೆ ಒಂದು ಹೆಜ್ಜೆ ದೂರದಲ್ಲಿ ನಿಲ್ಲುವುದು ನನ್ನ ಪಾಲು.

ಮೊದಲ ಸಲ ಕುತೂಹಲಕ್ಕೆ ಹೋದವನಿಗೆ ಅದು ಚಟವಾಯಿತು. ಬಿಲದೊಳಗಿಂದ ದಡದಡ ಸದ್ದು ಕೇಳಿ, ಇನ್ನೇನು ಮೊಲ ಹೊರಬೀಳುತ್ತದೆ ಎನ್ನುವಾಗ ನನ್ನ ಬಾಯಿ ಒಣಗುತ್ತಿತ್ತು. ಅದು ನನಗೆ ಇಷ್ಟವಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಹಾಗೆ ಹೊಡೆದ ಮಾಂಸ ನಾವು ತಿನ್ನುವುದಿಲ್ಲ ಎಂದು ಯಜಮಾನರಿಗೆ ಗೊತ್ತಿತ್ತು. ನಮ್ಮ ಬಾಗಿಲಲ್ಲಿ ಒಂದು ಕೋಸನ್ನೋ ಆಲೂಗಡ್ಡೆ ಚೀಲವನ್ನೋ ಇಟ್ಟು ಹೋಗುತ್ತಿದ್ದರು.

ಮೊದಲು ಗಮನಿಸಿದ್ದು ನನ್ನ ಹೆಂಡತಿ. ವಿಜಯಪುರದವಳು, ಅಂದುಕೊಂಡದ್ದನ್ನು ಒಳಗೆ ಇಟ್ಟುಕೊಳ್ಳುವವಳಲ್ಲ.

"ಅಜ್ಜಾರ ಕಣ್ಣ ಮಂದ ಆಗ್ಯಾವ್ರಿ. ನಿನ್ನಿ ಕಾಫಿ ಕಪ್ಪಿನ ಬಾಜೂಕ ಸುರದ್ರು. ಅಂಥಾವ್ರು ಬಂದೂಕ ಹಿಡದ್ರ ನೀವು ಹಿಂದ ಹೋಗಿ ನಿಂದರ್ತೀರಿ."

"ಕೈ ನಡಗಿರಬೇಕ ಬಿಡು."

"ಕೈ ಗಟ್ಟಿ ಅದಾವ. ನಾ ಕಣ್ಣಿಂದು ಹೇಳಾಕತ್ತೀನಿ."

ನನಗೂ ಅನುಮಾನವಿತ್ತು. ಆ ತಿಂಗಳು ಅವರ ಗುರಿ ಮೇಲಿಂದ ಮೇಲೆ ತಪ್ಪುತ್ತಿತ್ತು. ಮಂಜು ಇದೆ ಎನ್ನುತ್ತಿದ್ದರು. ನಾನೂ ಹೌದು ಎನ್ನುತ್ತಿದ್ದೆ.

ಆ ಶುಕ್ರವಾರ ನನಗೆ ರಜೆ. ಬೆಳಿಗ್ಗೆ ಹತ್ತರ ಸುಮಾರಿಗೆ ದಂಡೆಗೆ ಹೋದೆವು. ಮಂಜು ಅಲ್ಲಲ್ಲಿ ಹರಿದಿತ್ತು. ಫೆರೆಟ್ ಒಳಗೆ ಹೋದ ಸ್ವಲ್ಪ ಹೊತ್ತಿಗೆ ಒಂದು ಮೊಲ ನಮ್ಮ ಕಾಲ ಬಳಿಯಿಂದಲೇ ಓಡಿತು. ಯಜಮಾನರು ಅದು ಕಣ್ಮರೆಯಾದ ಮೇಲೆ ಗುಂಡು ಹಾರಿಸಿದರು. ಏನೋ ಗೊಣಗಿ ಮತ್ತೆ ತೋಟೆ ತುಂಬಿದರು. ಹೊರಬಂದ ಫೆರೆಟ್ಟನ್ನು ನಾನು ಪೆಟ್ಟಿಗೆಗೆ ಹಾಕುತ್ತಿದ್ದೆ.

"ಅಲ್ಲಿ," ಎಂದು ಅವರು ಪಿಸುಗುಟ್ಟಿದ್ದು ಕೇಳಿಸಿತು.

ತಲೆ ಎತ್ತಿದೆ. ಕಾಲುವೆಯಾಚೆ, ಮೂವತ್ತು ಹೆಜ್ಜೆ ದೂರದಲ್ಲಿ, ದಂಡೆಯ ಅಂಚಿನ ಹುಲ್ಲಿನ ಮೇಲೆ ಕಂದುಬಣ್ಣದ್ದೊಂದು ಮೆಲ್ಲಗೆ ಅಲುಗುತ್ತಿತ್ತು. ಕೋವಿ ಆಗಲೇ ಅವರ ಹೆಗಲಿಗೇರಿತ್ತು. ಆ ಕಂದುಬಣ್ಣದ ಕೆಳಗೆ ನನಗೆ ಒಂದು ಕಿವಿ ಕಂಡಿತು. ಮನುಷ್ಯನ ಕಿವಿ.

"ಏ, ಬ್ಯಾಡ್ರೀ!"

ಬಾಯಿಗೆ ಬಂದದ್ದು ಕನ್ನಡ. ಪೆಟ್ಟಿಗೆ ಬಿಟ್ಟು ಹಾರಿ, ನಳಿಗೆಯನ್ನು ಕೆಳಗಿನಿಂದ ಹೊಡೆದು ಮೇಲೆತ್ತಿದೆ. ಗುಂಡು ಆಕಾಶಕ್ಕೆ ಹೋಯಿತು. ನನ್ನ ಕಿವಿ ಗುಂಯ್ ಎಂದು ಮುಚ್ಚಿಹೋಯಿತು.

ಆಚೆ ದಂಡೆಯಲ್ಲಿ ಒಬ್ಬ ಎದ್ದು ನಿಂತ. ದಂಡೆ ಕೊರೆಯುವ ನೀರಿಲಿಗಳನ್ನು ಹಿಡಿಯಲು ಸರಕಾರದವರು ಇಟ್ಟಿದ್ದ ನೌಕರ. ನೀರಂಚಿನಲ್ಲಿ ಕುಳಿತು ಬೋನು ಕಟ್ಟುತ್ತಿದ್ದನಂತೆ. ತಲೆಗೆ ಕಂದು ಉಣ್ಣೆಯ ಟೋಪಿ. ನಮ್ಮನ್ನು ಕಂಡು ಕೈ ಬೀಸಿ, ಕಾಲುವೆಗೆ ಅಡ್ಡ ಹಾಕಿದ್ದ ಹಲಗೆ ದಾಟಿ ಈಚೆ ಬಂದ.

"ಏನು, ಇವತ್ತು ಮೋಡಕ್ಕೇ ಗುರಿಯೋ?" ಎಂದು ನಕ್ಕ.

ಯಜಮಾನರು ನಗಲಿಲ್ಲ. ನಾನು ನಕ್ಕೆ. ಫ್ಲಾಸ್ಕಿನಿಂದ ಅವನಿಗೆ ಕಾಫಿ ಬಗ್ಗಿಸಿಕೊಟ್ಟೆ. ಹತ್ತು ನಿಮಿಷ ನಿಂತು ಇಲಿಗಳ ವಿಷಯ, ತನ್ನ ಮಗಳ ಈಜು ಪರೀಕ್ಷೆಯ ವಿಷಯ ಹೇಳಿದ. ಹಲ್ಲು ಕಾಣಿಸುತ್ತ, ಚಳಿಗೆ ಬಾಯಿಂದ ಆವಿ ಬಿಡುತ್ತ ಮಾತಾಡುತ್ತಿದ್ದ ಆ ಮುಖವನ್ನು ನೋಡಲಾರದೆ ನಾನು ಅವನ ಬೂಟು ನೋಡುತ್ತಿದ್ದೆ. ಕೋವಿ ಅವನತ್ತಲೇ ತಿರುಗಿತ್ತೆಂದು ನಾವಿಬ್ಬರೂ ಹೇಳಲಿಲ್ಲ. ಅವನು ಥ್ಯಾಂಕ್ಸ್ ಹೇಳಿ ಹೋದ.

"ಅವನು ನಿಮಗೆ ಕಾಣಿಸಲಿಲ್ಲವೇ?" ಎಂದು ಕೇಳಿದೆ.

"ಮೊಲ ಕಾಣಿಸಿತು."

"ಎಷ್ಟು ದಿನದಿಂದ ಹೀಗೆ?"

ಕೋವಿಯ ನಳಿಗೆ ಬಗ್ಗಿಸಿ ತೆರೆದು ತೋಟೆ ತೆಗೆದರು. "ಮಗಳಿಗೆ ಹೇಳಬೇಡ," ಎಂದರು.

ರಾತ್ರಿ ಊಟದ ಹೊತ್ತಿಗೆ ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಮುರಿಯುವುದು ನಿಲ್ಲಿಸಿದಳು.

"ಈಗಿಂದೀಗ ಹೋಗಿ ಮಗಳಿಗೆ ಹೇಳ್ರಿ."

"ಮನಿ ಬಿಡಿಸಿದ್ರ?"

"ಬಿಡಿಸ್ಲಿ. ಅಂವಾ ಸತ್ತಿದ್ರ ಈ ಮನ್ಯಾಗ ನಿದ್ದಿ ಬರ್ತಿತ್ತೇನು ನಿಮಗ?"

ಅಂಗಳದಾಚೆ ದೀಪ ಉರಿಯುತ್ತಿತ್ತು. ನಾನು ಹೋಗಲಿಲ್ಲ. ಯಜಮಾನರೇ ಹೇಳಿಯಾರು, ಇನ್ನು ಕೋವಿ ಮುಟ್ಟಲಾರರು ಎಂದುಕೊಂಡೆ.

ಮರುದಿನ ಶನಿವಾರ ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ಯಜಮಾನರು ಕೋವಿ ಹಿಡಿದು ಹೊರಟಿದ್ದರು. ಚಪ್ಪಲಿಯಲ್ಲೇ ಓಡಿ ಹೋಗಿ ಗೇಟಿಗೆ ಅಡ್ಡ ನಿಂತೆ.

"ದಾರಿ ಬಿಡು."

"ಇಲ್ಲ. ನೀವು ವಾಪಸು ಹೋಗದಿದ್ದರೆ ಪೊಲೀಸರಿಗೆ ಫೋನ್ ಮಾಡುತ್ತೇನೆ."

"ಹನ್ನೆರಡನೇ ವಯಸ್ಸಿನಿಂದ ಈ ದಂಡೆಯಲ್ಲಿ ಬೇಟೆಯಾಡುತ್ತಿದ್ದೇನೆ. ನಿನ್ನೆ ಮೊನ್ನೆ ಬಂದವನು ನೀನು. ನನ್ನ ಮನೆಯಲ್ಲಿದ್ದುಕೊಂಡು ನನಗೇ ಪೊಲೀಸರೇ?" ಮುಖ ಕೆಂಪೇರಿತ್ತು. ಕೋವಿ ತೆರೆದೇ ಇತ್ತು, ಆದರೆ ತೋಟೆ ಒಳಗಿತ್ತು. ಅದನ್ನು ಮುಚ್ಚಲು ಒಂದು ಕ್ಷಣ ಸಾಕು.

ಬೇರೇನೂ ತೋಚದೆ ಬೇಲಿಯ ಕಡೆ ಕೈ ತೋರಿಸಿದೆ. "ಆ ಮೂರನೇ ಕಂಬದ ಮೇಲೆ ಏನಿದೆ ಹೇಳಿ. ಸರಿಯಾಗಿ ಹೇಳಿದರೆ ದಾರಿ ಬಿಡುತ್ತೇನೆ."

ಅವರು ನೋಡಿದರು. ಕಣ್ಣು ಕಿರಿದು ಮಾಡಿದರು, ತಲೆ ಪಕ್ಕಕ್ಕೆ ವಾಲಿಸಿ ಓರೆಯಾಗಿ ನೋಡಿದರು.

"ಕಾಗೆ," ಎಂದರು ಕೊನೆಗೆ.

ಅದು ಅಳಿಯ ಒಣಗಲಿಟ್ಟಿದ್ದ ಕಪ್ಪು ಕೈಗವಸು. ನಾನು ಹೋಗಿ ಅದನ್ನು ತಂದು ಅವರ ಕೈಗಿಟ್ಟೆ. ಅವರು ಅದನ್ನು ಬೆರಳುಗಳಿಂದ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ತೋಟೆಗಳನ್ನು ತೆಗೆದು ಜೇಬಿಗೆ ಹಾಕಿಕೊಂಡು, ನೇರ ಮಗಳ ಮನೆಗೆ ನಡೆದರು. ಸೋಮವಾರ ಮಗಳು ಕೋವಿಯನ್ನೂ ಲೈಸೆನ್ಸನ್ನೂ ಪೊಲೀಸ್ ಠಾಣೆಗೆ ಕೊಟ್ಟು ಬಂದಳು. ಕಣ್ಣಿನ ನಡುಭಾಗ ಹೋಗಿದೆ, ಅಂಚು ಮಾತ್ರ ಉಳಿದಿದೆ ಎಂದು ಡಾಕ್ಟರು ಹೇಳಿದರಂತೆ.

ಮುಗಿಯಿತು ಎಂದುಕೊಂಡಿದ್ದೆ. ವಾರದ ನಂತರ ಇಲಿ ಹಿಡಿಯುವವನು ನಮ್ಮ ಬಾಗಿಲು ತಟ್ಟಿದ. ಯಜಮಾನರು ಅಳಿಯನ ಕಾರಿನಲ್ಲಿ ಅವನ ಮನೆಗೇ ಹೋಗಿ ಎಲ್ಲ ಹೇಳಿದ್ದರು. ಉಳಿಸಿದ್ದಕ್ಕೆ ಥ್ಯಾಂಕ್ಸ್ ಹೇಳಲು ಬಂದನೆಂದು ನಾನು ಒಳಗೆ ಕರೆದೆ. ಅವನು ಹೊಸ್ತಿಲು ದಾಟಲಿಲ್ಲ.

"ಅವರಿಗೆ ನಾನು ಕಾಣಿಸಲಿಲ್ಲ, ಅದು ಅರ್ಥವಾಗುತ್ತದೆ," ಎಂದ. "ನಿನಗೆ ಕಾಣಿಸಿದ್ದೆ. ನೀನು ಕಾಫಿ ಕೊಟ್ಟೆ, ನನ್ನ ಜೊತೆ ನಕ್ಕೆ. ನಾನು ಮರುದಿನವೂ ಅದೇ ದಂಡೆಗೆ ಹೋಗುವವನು. ಯಾಕೆ ಹೇಳಲಿಲ್ಲ?"

ಯಜಮಾನರ ಮರ್ಯಾದೆ ಎಂದೆ, ಭಯ ಎಂದೆ. ಹೇಳುತ್ತಿರುವಾಗಲೇ ಎರಡೂ ಸಾಲದು ಎಂದು ನನಗೆ ಗೊತ್ತಾಗುತ್ತಿತ್ತು. ಅವನು ಪೂರ್ತಿ ಕೇಳಿಸಿಕೊಂಡು, ಸರಿ ಎಂಬಂತೆ ತಲೆ ಅಲ್ಲಾಡಿಸಿ ಸೈಕಲ್ ಹತ್ತಿದ.

ಯಜಮಾನರು ನಮ್ಮನ್ನು ಮನೆ ಬಿಡಿಸಲಿಲ್ಲ. ಅಂಗಳದಲ್ಲಿ ನನ್ನ ದನಿ ಕೇಳಿದರೆ ಹೆಸರು ಹಿಡಿದು ಕರೆದು ಮಾತಾಡಿಸುತ್ತಿದ್ದರು. ಮಾರ್ಚಿನಲ್ಲಿ ನಾವೇ ಹಾರ್ಲೆಮ್‌ಗೆ ಮನೆ ಬದಲಾಯಿಸಿದೆವು. ಅಲ್ಲಿವರೆಗೂ ಕಾಲುವೆಯ ಕಡೆ ಆ ಸೈಕಲ್ ಕಂಡರೆ ನಾನು ಬಸ್ಸಿಗೆ ಇನ್ನೊಂದು ದಾರಿ ಹಿಡಿಯುತ್ತಿದ್ದೆ.