ನಲಿನಿಬೆನ್ ಮನೆಯಲ್ಲಿ ವಿಮಲಾ ಇಲ್ಲ

ಗಂಡನ ಜೊತೆ ಮುಂಬಯಿಗೆ ಬಂದ ಮೂರನೆಯ ದಿನ ಮಧ್ಯಾಹ್ನ ಯಾರೋ ಬಾಗಿಲು ಬಡಿದು "ನಲಿನಿಬೆನ್?" ಎಂದರು. ನಾನು ವಿಮಲಾ. ಆದರೂ "ಹಾಂ" ಎಂದು ತಲೆಯಾಡಿಸಿ ಅವರು ಕೊಟ್ಟ ಲೈಟ್ ಬಿಲ್ ತೆಗೆದುಕೊಂಡೆ.

ಹಾಗೆ ಹೇಳಬೇಕೆಂದು ಮೊದಲೇ ಪಾಠವಾಗಿತ್ತು. ಬೆನ್ ಎಂದರೆ ಗುಜರಾತಿಯಲ್ಲಿ ಅಕ್ಕ. ಮುಂಬಯಿಯ ಸಯನ್ ಭಾಗದ ಆ ಫ್ಲಾಟಿನ ಒಡತಿ ನಲಿನಿಬೆನ್ ಮಸ್ಕತ್‌ನಲ್ಲಿದ್ದರು. ಬಿಲ್ಡಿಂಗಿನ ಸೊಸೈಟಿ, ಅಂದರೆ ಮಾಲೀಕರ ಸಂಘ, ಬಾಡಿಗೆಯವರನ್ನು ಸೇರಿಸುತ್ತಿರಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಸೆಕ್ರೆಟರಿ ನಮ್ಮನ್ನು ಕಂಡೂ ಕಾಣದಂತೆ ಹೋಗುತ್ತಿದ್ದರು. ನಾವು ಇರಬಹುದು, ಕಾಗದದಲ್ಲಿ ಮಾತ್ರ ಬರಬಾರದು! ಮೈಸೂರಿನ ನಮ್ಮ ಬೀದಿಯಲ್ಲಿ ಮನೆ ನಂಬರ್ ಇಲ್ಲದ ಕಾಗದವೂ ಸರಿಯಾಗಿ ಬಂದು ಸೇರುತ್ತಿತ್ತು; ಅಂಚೆಯವರೇ ನನ್ನ ಪರೀಕ್ಷೆಯ ಫಲಿತಾಂಶವನ್ನು ಬೀದಿಗೆಲ್ಲ ಸಾರಿದ್ದರು. ಇಲ್ಲಿ ಪ್ರತಿ ಶುಕ್ರವಾರ ನಾನು ಇನ್ನೊಬ್ಬಳ ನಾಮಫಲಕವನ್ನು ಒರೆಸುತ್ತಿದ್ದೆ.

ಒಂದು ಕೋಣೆಗೆ ಆಕೆ ಬೀಗ ಹಾಕಿ ಹೋಗಿದ್ದರು. ಅದರ ಬಾಗಿಲ ಸಂದಿನಿಂದ ನುಸಿಗುಳಿಗೆಯ ವಾಸನೆ ಬರುತ್ತಿತ್ತು. ಸಂಜೆ ಆಫೀಸಿನಿಂದ ಬಂದು ಒಬ್ಬಳೇ ಕಾಫಿ ಕುಡಿಯುವಾಗ, ಒಳಗೆ ಯಾರೋ ಸೀರೆ ಮಡಿಸುತ್ತಿದ್ದಾರೆ ಎನಿಸುತ್ತಿತ್ತು. ನನ್ನ ಗಂಡ ರಾಘು ಬೊರಿವಲಿಯ ಕಾರ್ಖಾನೆಯಿಂದ ಎರಡು ಲೋಕಲ್ ರೈಲು ಬದಲಿಸಿ ಬರುವವರೆಗೂ ನಾನು ಆ ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಿರಲಿಲ್ಲ.

ಎರಡನೆಯ ವರ್ಷ ನಾನು ಬಸುರಿಯಾದೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಆದರೆ ಡಾಕ್ಟರು ರೈಲು ಬೇಡವೇ ಬೇಡ ಎಂದುಬಿಟ್ಟರು. ವಿಮಾನದ ಟಿಕೆಟ್ ನಮ್ಮ ಕೈಗೆಟುಕುವಂಥದ್ದಲ್ಲ. ಆಗ ತಾನೇ ಒಂದು ವಿದೇಶಿ ಬ್ಯಾಂಕು ಕ್ರೆಡಿಟ್ ಕಾರ್ಡಿಗೆ ಪಾಯಿಂಟ್ ಕೊಡಲು ಶುರು ಮಾಡಿತ್ತು. ಪಾಯಿಂಟ್ ಸಾಕಷ್ಟಾದರೆ ವಿಮಾನದ ಟಿಕೆಟ್. ರಾಘು ಕ್ಯಾಲೆಂಡರಿನ ಹಿಂಬದಿಯಲ್ಲಿ ಯುದ್ಧದ ವ್ಯೂಹದಂತೆ ಯೋಜನೆ ಬರೆದರು.

"ನೋಡು ವಿಮಲಾ, ಮೊದಲು ನಾನು ಅರ್ಜಿ ಹಾಕ್ತೀನಿ. ನನ್ನ ಕಾರ್ಡ್ ಬಂದ್ಮೇಲೆ ನಿನ್ನ ಹೆಸರು ನಾನೇ ಶಿಫಾರಸು ಮಾಡ್ತೀನಿ. ಅದಕ್ಕೆ ನನಗೂ ಪಾಯಿಂಟ್, ಸೇರಿದ್ದಕ್ಕೆ ನಿನಗೂ ಪಾಯಿಂಟ್. ಎರಡೂ ಸೇರಿಸಿದ್ರೆ ಏಳನೇ ತಿಂಗಳೊಳಗೆ ನೀನು ಬೆಂಗಳೂರಿನಲ್ಲಿ ಇಳೀತೀಯ."

ಅವರ ಕಾರ್ಡು ಕಾರ್ಖಾನೆಯ ಮೂಲಕ ಸಲೀಸಾಗಿ ಬಂತು. ನನ್ನ ಆಫೀಸಿನಲ್ಲಿ ಅಂಥ ಅನುಕೂಲವಿರಲಿಲ್ಲ, ಹಾಗಾಗಿ ನನ್ನ ಅರ್ಜಿಯಲ್ಲಿ ಮನೆಯ ವಿಳಾಸ ಕೊಟ್ಟೆವು. ಮೂರು ವಾರಕ್ಕೆ ಬ್ಯಾಂಕಿನ ಪತ್ರ ಬಂತು: ಈ ವಿಳಾಸದಲ್ಲಿ ವಿಮಲಾ ಎಂಬವರು ವಾಸವಿಲ್ಲ. ಅದೇ ವಿಳಾಸದಲ್ಲಿ ನಿಂತು ವಿಮಲಾ ಅದನ್ನು ಎರಡು ಸಲ ಓದಿದಳು.

ಪಕ್ಕದ ಫ್ಲಾಟಿನ ಉಡುಪಿಯ ಸುನಂದಕ್ಕನಿಗೆ ತೋರಿಸಿದೆ. ಅವರ ಮುಖ ಅರಳಿತು.

"ಹೌದು ಮಾರಾಯ್ತಿ, ನೀನು ಆಫೀಸಿಗೆ ಹೋಗಿದ್ದಾಗ ಒಬ್ಬ ಬಂದಿದ್ದ. ವಿಮಲಾ ಇದ್ದಾರಾ ಅಂತ ಕೇಳಿದ. ನಾನು ಬಿಡ್ತೇನಾ? ಅಂಥವರು ಇಲ್ಲ, ಯಾವತ್ತೂ ಇರಲೂ ಇಲ್ಲ ಅಂದೆ. ನೀನೇ ಹೇಳಿಕೊಟ್ಟದ್ದಲ್ಲವಾ?"

ಹೌದು, ನಾನೇ ಹೇಳಿಕೊಟ್ಟದ್ದು. ಯಾರು ಕೇಳಿದರೂ ನಾವಿಲ್ಲ ಎನ್ನಿ ಎಂದು ಕೈಹಿಡಿದು ಬೇಡಿಕೊಂಡಿದ್ದೆ. ಬ್ಯಾಂಕಿನಿಂದ ಜನ ಬರುತ್ತಾರೆಂದು ಹೇಳಲು ಮರೆತಿದ್ದೆ, ಅಷ್ಟೇ.

ಮರುದಿನ ಬ್ಯಾಂಕಿಗೆ ಹೋದೆ. ಅಧಿಕಾರಿ ಫೈಲು ತೆಗೆದು, ವಿಚಾರಣೆಗೆ ಬಂದಿದ್ದವನ ಬರಹವನ್ನು ಓದಿದರು. ಫ್ಲಾಟಿನಲ್ಲಿ ನಲಿನಿ ಎಂಬವರು ವಾಸ. ಉದ್ದ ಜಡೆ. ಸಂಜೆ ತುಳಸಿಗೆ ದೀಪ ಇಡುತ್ತಾರೆ. ಆರು ತಿಂಗಳ ಗರ್ಭಿಣಿ.

ಆಮೇಲೆ ಗೊತ್ತಾಯಿತು, ಹಗ್ಗದ ಮೇಲಿನ ಸೀರೆಗಳು ಯಾರವು ಎಂದು ಅವನು ಕೇಳಿದ್ದಕ್ಕೆ ಸುನಂದಕ್ಕ ಅಷ್ಟನ್ನೂ ಸೇರಿಸಿದ್ದರು. ನನ್ನ ಜಡೆ, ನನ್ನ ದೀಪ, ಹೊಟ್ಟೆಯಲ್ಲಿದ್ದ ಮಗು, ಎಲ್ಲವೂ ಮಸ್ಕತ್‌ನಲ್ಲಿದ್ದವಳ ಹೆಸರಿಗೆ ಹೋಗಿದ್ದವು. ನಾನೇ ಆ ವಿಮಲಾ ಎಂದೆ. ಅಧಿಕಾರಿ ಫೈಲು ಮುಚ್ಚಿ, ಮನೆಯ ಕರಾರುಪತ್ರವನ್ನೋ ರೇಷನ್ ಕಾರ್ಡನ್ನೋ ತರಲು ಹೇಳಿದರು. ಎರಡೂ ಇರಲಿಲ್ಲ. ಮನೆಗೆ ಬಂದವಳು ಬೀಗದ ಕೋಣೆಯ ಮುಂದೆ ನಿಂತುಬಿಟ್ಟೆ. ಹೆದರಿಕೆಯಾಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ. ನನ್ನ ಮಗುವನ್ನು ಯಾರೋ ಆ ಕೋಣೆಯೊಳಗೆ ಆಗಲೇ ಎತ್ತಿಕೊಂಡಿದ್ದಾರೆ ಎಂದೇ ಅನಿಸಿತು.

ಏಳನೆಯ ತಿಂಗಳು ಬಂತು, ಹೋಯಿತು. ಪಾಯಿಂಟುಗಳು ಅರ್ಧಕ್ಕೇ ನಿಂತವು. ಕೊನೆಗೆ ಅಮ್ಮನೇ ಬಾಣಂತಿ ಪುಡಿಯ ಡಬ್ಬ ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ಬಂದರು. ಸಯನ್ನಿನ ಒಂದು ನರ್ಸಿಂಗ್ ಹೋಮಿನಲ್ಲಿ ಹೆಣ್ಣು ಮಗು ಹುಟ್ಟಿತು.

ಮಾರನೆಯ ಬೆಳಿಗ್ಗೆ ಗುಮಾಸ್ತರೊಬ್ಬರು ರಿಜಿಸ್ಟರ್ ಹಿಡಿದು ಬಂದು ಮರಾಠಿಯಲ್ಲಿ ತಾಯಿಯ ಹೆಸರು, ವಿಳಾಸ ಕೇಳಿದರು. ರಾಘು ನನ್ನ ಕಿವಿಯ ಹತ್ತಿರ ಬಗ್ಗಿದರು. "ಮೈಸೂರಿನ ವಿಳಾಸ ಕೊಡು. ಸೊಸೈಟಿಗೆ ಗೊತ್ತಾದ್ರೆ ಮನೆ ಖಾಲಿ ಮಾಡಬೇಕಾಗತ್ತೆ."

"ವಿಮಲಾ," ಎಂದೆ ಜೋರಾಗಿ. ಆಮೇಲೆ ಫ್ಲಾಟ್ ನಂಬರ್, ಮಹಡಿ, ಬಿಲ್ಡಿಂಗು, ಸಯನ್. ಗುಮಾಸ್ತರು ತಲೆಯೆತ್ತದೆ ಬರೆದುಕೊಂಡರು. ಪಕ್ಕದ ಮನೆಯವರನ್ನು ಕೇಳಲಿಲ್ಲ. ನನಗೆ ಅಳು ಬಂತು.

ಮನೆ ಹೋಗಲಿಲ್ಲ, ಸೊಸೈಟಿಗೆ ಆ ಸಂಗತಿ ತಿಳಿಯಲೇ ಇಲ್ಲ. ತಿಂಗಳಾದ ಮೇಲೆ ಜನನ ಪ್ರಮಾಣಪತ್ರ ಬಂತು: ತಾಯಿ ವಿಮಲಾ, ವಿಳಾಸ ಸಯನ್. ನಾನು ಹೆಮ್ಮೆಯಿಂದ ಅಮ್ಮನ ಕೈಗಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು, ಹಿಂದೆ ತಿರುಗಿಸಿಯೂ ನೋಡಿದರು.

"ಮೈಸೂರು ಎಲ್ಲಿದೆಯೇ ಇದರಲ್ಲಿ?" ಎಂದರು.